ಸೊರಗಿ ಬರುವ ಕಪ್ಪೆ, ಕೊಬ್ಬಿ ಬರುವ ಕಪ್ಪೆ

ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್‌ನಲ್ಲಿ, ಹೆಂಗಸರ ಡಬ್ಬಿಯಲ್ಲಿ, ನಾಲ್ಕನೆಯ ಸೀಟಿನಲ್ಲಿ ಕೂತವರು ನಗುವುದನ್ನು ನಾನು ನೋಡಿಲ್ಲ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಇನ್ನರ್ಧ ಗಾಳಿಯಲ್ಲಿಟ್ಟು, ಬ್ಯಾಗನ್ನು ಅಪ್ಪಿಕೊಂಡು ಹೋಗುವ ಜಾಗ ಅದು. ಅಲ್ಲಿ ನಗು ಬರುವುದಾದರೂ ಹೇಗೆ? ನಾನು ಮಾತ್ರ ಒಂದು ಬೆಳಿಗ್ಗೆ ಅಲ್ಲೇ ಕೂತು ಕಿಟಾರನೆ ಕಿರುಚಿದೆ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಕ್ಕದ ಹೆಂಗಸು ತನ್ನ ಕೊರಳಿನ ಸರ ಮುಟ್ಟಿ ನೋಡಿಕೊಂಡಳು. ಎದುರಿನವಳು "ಕಾಯ್ ಝಾಲಂ?" ಎಂದು ಕೇಳಿದಳು. ಏನಾಯಿತೆಂದು ಹೇಳಲಿ? ನನ್ನ ಕಪ್ಪೆಗೆ ಸಾವೇ ಇಲ್ಲವೆಂದು ನನಗೆ ಆಗಷ್ಟೇ ಗೊತ್ತಾಗಿತ್ತು.

ಕಪ್ಪೆ ಅಂದರೆ ಕಾರ್ಡಿನ ಕಪ್ಪೆ. ಎರಡು ಸಾವಿರದ ಹನ್ನೆರಡರ ಆಸುಪಾಸಿನಲ್ಲಿ, ನಾನು ಠಾಣೆಯಲ್ಲಿ ಬಿ.ಕಾಂ. ಓದುತ್ತಿದ್ದಾಗ, ನಾನೂ ನನ್ನ ತಮ್ಮನೂ ಒಂದು ಕಾರ್ಡಿನ ಆಟದ ಹುಚ್ಚಿಗೆ ಬಿದ್ದಿದ್ದೆವು. ಇಸ್ಪೀಟಿನ ಹಾಗೆ ಎಲ್ಲರಿಗೂ ಒಂದೇ ಕಟ್ಟು ಇರುವ ಆಟ ಅಲ್ಲ ಅದು. ಪ್ರತಿಯೊಬ್ಬರೂ ಅಂಗಡಿಯಲ್ಲಿ ಪೊಟ್ಟಣ ಕೊಂಡು, ಗೆಳೆಯರ ಹತ್ತಿರ ಬದಲಾಯಿಸಿಕೊಂಡು, ಕಾಡಿ ಬೇಡಿ ತಮ್ಮದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಕೆಲವು ಕಾರ್ಡುಗಳಲ್ಲಿ ಪ್ರಾಣಿಗಳು, ಕೆಲವುಗಳಲ್ಲಿ ಮಂತ್ರಗಳು. ಪ್ರಾಣಿಗಳನ್ನು ಮೇಜಿನ ಮೇಲೆ ಇಳಿಸಿ ಎದುರಾಳಿಯ ಮೇಲೆ ಬಿಡುವುದು, ಅವನ ಜೀವದ ಅಂಕ ಸೊನ್ನೆಯಾಗುವ ತನಕ ಬಡಿಯುವುದು. ಸತ್ತ ಪ್ರಾಣಿಗಳದ್ದು ಪಕ್ಕದಲ್ಲಿ ಒಂದು ರಾಶಿ, ಅದಕ್ಕೆ ಎಲ್ಲರೂ ಗ್ರೇವ್‌ಯಾರ್ಡ್ ಅನ್ನುತ್ತಿದ್ದರು. ಉಳಿದವರ ಕಟ್ಟಿನಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್‌ಗಳು, ರೆಕ್ಕೆ ಇರುವ ಸಿಂಹಗಳು. ನನ್ನ ಕಟ್ಟಿನ ಮಹಾವೀರ ಎಂದರೆ ಒಂದು ಬಡಕಲು ಕಪ್ಪೆ. ನನಗೆ ಅದರ ಮೇಲೆ ಇನ್ನಿಲ್ಲದ ಮಮತೆ.

ಈ ಆಟದಲ್ಲಿ ಸತ್ತ ಪ್ರಾಣಿ ಎದ್ದು ಬರಲು ಎರಡು ದಾರಿಗಳಿದ್ದವು. ಕಾರ್ಡಿನ ಮೇಲೆ ಅವಕ್ಕೆ ಏನೇನೋ ಇಂಗ್ಲಿಷ್ ಹೆಸರು. ನಾನು ನನ್ನ ಅಮ್ಮ ಇಟ್ಟ ಹೆಸರುಗಳನ್ನೇ ಬಳಸುತ್ತೇನೆ, ಅವೇ ಚೆನ್ನಾಗಿವೆ. ಒಂದು, ಸೊರಗಿ ಬರುವುದು. ಸತ್ತ ಪ್ರಾಣಿ ತಕ್ಷಣ ಮರಳಿ ಬರುತ್ತದೆ, ಆದರೆ ಒಂದು ಅಂಕದಷ್ಟು ಶಕ್ತಿ ಕಳಕೊಂಡು. ಗುರುತಿಗೆ ಅದರ ಮೇಲೆ ಅಂಗಿಯ ಒಂದು ಕಪ್ಪು ಗುಂಡಿ ಇಡುತ್ತಿದ್ದೆವು. ಕಪ್ಪು ಗುಂಡಿ ಇರುವಾಗ ಮತ್ತೆ ಸತ್ತರೆ ಇನ್ನೊಮ್ಮೆ ಸೊರಗಿ ಬರುವ ಹಾಗಿಲ್ಲ. ಇನ್ನೊಂದು, ಕೊಬ್ಬಿ ಬರುವುದು. ಇದರಲ್ಲಿ ಒಂದು ಅಂಕ ಶಕ್ತಿ ಹೆಚ್ಚಾಗಿ ಬರುತ್ತದೆ, ಮೇಲೆ ಬಿಳಿ ಗುಂಡಿ. ಬಿಳಿ ಗುಂಡಿ ಇರುವಾಗ ಸತ್ತರೆ ಮತ್ತೆ ಕೊಬ್ಬಿ ಬರಲಾಗದು. ಹಾಗಾಗಿ ಯಾವ ಪ್ರಾಣಿಗೂ ಒಂದೇ ಮರುಹುಟ್ಟು ಎಂದು ನಾವೆಲ್ಲ ತಿಳಿದಿದ್ದೆವು.

ನನ್ನ ಕಪ್ಪೆಗೆ ಸೊರಗಿ ಬರುವ ಗುಣ ಹುಟ್ಟಿನಿಂದಲೇ ಇತ್ತು. ಆ ವಾರ ನನಗೆ ಹೊಸದಾಗಿ ಸಿಕ್ಕಿದ್ದು ಒಂದು ಮುದುಕಿಯ ಕಾರ್ಡು. ದೊಡ್ಡ ಹಂಡೆಯ ಮುಂದೆ ಸೌಟು ಹಿಡಿದು ನಿಂತಿದ್ದ ಆಕೆಯನ್ನು ನಾವು ಅಜ್ಜಿ ಎಂದೇ ಕರೆದೆವು. ಅಜ್ಜಿ ಮೇಜಿನ ಮೇಲೆ ಇರುವ ತನಕ ನಮ್ಮ ಉಳಿದ ಎಲ್ಲ ಪ್ರಾಣಿಗಳಿಗೂ ಕೊಬ್ಬಿ ಬರುವ ಗುಣ ಸಿಗುತ್ತದೆ. ತನಗೆ ಮಾತ್ರ ಏನೂ ಇಟ್ಟುಕೊಳ್ಳುವುದಿಲ್ಲ, ಎಲ್ಲ ಅಜ್ಜಿಯರ ಹಾಗೆ. ಎರಡೂ ಕಾರ್ಡುಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ದಿವಾ ಸ್ಟೇಷನ್ನಿನಲ್ಲಿ ಶುರು ಮಾಡಿದ ಯೋಚನೆ ಮುಂಬ್ರಾ ಬರುವಾಗ ಮುಗಿಯಿತು. ಕಪ್ಪೆ ಸತ್ತು ಸೊರಗಿ ಬಂತು, ಕಪ್ಪು ಗುಂಡಿ. ಮತ್ತೆ ಸತ್ತಿತು. ಸೊರಗುವ ದಾರಿ ಮುಚ್ಚಿದೆ, ಆದರೆ ಮೈಮೇಲೆ ಬಿಳಿ ಗುಂಡಿ ಇಲ್ಲವಲ್ಲ! ಅಜ್ಜಿಯ ದಾರಿ ತೆರೆದೇ ಇದೆ. ಕೊಬ್ಬಿ ಬಂತು, ಬಿಳಿ ಗುಂಡಿ. ಹಾಗೆ ಬಂದದ್ದು ಹೊಸ ಕಪ್ಪೆ, ಹಳೆಯ ಕಪ್ಪು ಗುಂಡಿ ಅದಕ್ಕೆ ಅಂಟಿಕೊಂಡಿರುವುದಿಲ್ಲ. ಹಾಗಾದರೆ ಮತ್ತೆ ಸತ್ತರೆ ಸೊರಗಿ ಬರಬಹುದು. ಅದಾದ ಮೇಲೆ ಮತ್ತೆ ಕೊಬ್ಬಿ. ಕೊನೆಯೇ ಇಲ್ಲ! ನಾನು ಕಿರುಚಿದ್ದು ಆಗಲೇ.

ಠಾಣೆಯಲ್ಲಿ ಇಳಿದ ಕೂಡಲೇ ತಮ್ಮನಿಗೆ ಫೋನ್ ಮಾಡಿದೆ. ಅವನು ಎರಡು ಸಲ ಹೇಳಿಸಿಕೊಂಡು, ಅರ್ಥವಾದ ಮೇಲೆ ಅಲ್ಲಿಂದಲೇ ಕಿರುಚಿದ. ನಮ್ಮ ಮನೆಯವರ ಗಂಟಲೇ ಹಾಗೆ.

ಕಪ್ಪೆ ಮತ್ತು ಅಜ್ಜಿ ಸೇರಿ ನಮ್ಮನ್ನು ಲೀಗಿನ ಫೈನಲ್‌ಗೆ ಎತ್ತಿಕೊಂಡು ಹೋದರು. ಲೀಗು ನಡೆಯುತ್ತಿದ್ದದ್ದು ಠಾಣೆಯಲ್ಲಿ, ಒಂದು ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ, ಭಾನುವಾರಗಳಂದು. ಮೇಜುಗಳು ಕಡಿಮೆ, ಆಡುವವರು ಜಾಸ್ತಿ. ಹಾಗಾಗಿ ಅಂಗಡಿಯವರು ಒಂದು ಕಟ್ಟಳೆ ಮಾಡಿದ್ದರು: ಜೋಡಿಯಾಗಿಯೇ ಆಡಬೇಕು, ಒಂಟಿಯಾಗಿ ಬಂದವರು ನಿಂತು ನೋಡಬಹುದು ಅಷ್ಟೇ. ಗೆದ್ದ ಜೋಡಿಗೆ ಮುಂದಿನ ಲೀಗಿನಲ್ಲಿ ಜಾಗ ಖಂಡಿತ, ಉಳಿದವರು ಸರದಿಯಲ್ಲಿ ಕಾಯಬೇಕು. ಸರದಿ ಎಂದರೆ ವರ್ಷವೇ ಆಗಬಹುದಿತ್ತು. ಇನ್ನೊಂದು ಕಟ್ಟಳೆ ಎಂದರೆ, ಮರೆತದ್ದು ಮರೆತಂತೆ. ನಿಮ್ಮ ಪ್ರಾಣಿಯ ಗುಣವನ್ನು ಮುಂದಿನ ಕಾರ್ಡು ಮೇಜು ಮುಟ್ಟುವ ಮೊದಲು ನೀವೇ ಹೇಳಬೇಕು, ಎದುರಾಳಿ ನೆನಪಿಸಬೇಕಾಗಿಲ್ಲ.

ಫೈನಲ್‌ಗೆ ಇನ್ನೊಂದು ವಾರ ಇರುವಾಗ ತಮ್ಮನಿಗೆ ಮಹಾಪೆಯಲ್ಲಿ ಕೆಲಸ ಸಿಕ್ಕಿತು. ವಾರದ ರಜೆ ಭಾನುವಾರವಲ್ಲ, ಮಂಗಳವಾರ. ಮನೆಯವರೆಲ್ಲ ಪೇಢಾ ತಿಂದರು. ನಾನು ಮಾತ್ರ ನನ್ನದನ್ನು ಡಬ್ಬಿಗೇ ಮರಳಿ ಹಾಕಿದೆ. ಜೋಡಿ ಹೋಯಿತೆಂದರೆ ಆಟವೇ ಹೋಯಿತು. ನಮ್ಮ ಹೌಸಿಂಗ್ ಸೊಸೈಟಿಯ ಕೆಳಮನೆ ಹುಡುಗಿಯನ್ನು ಕೇಳಿದೆ, ಅವಳಿಗೆ ಭಾನುವಾರ ಕ್ಲಾಸು. ಸೀವುಡ್ಸ್‌ನಲ್ಲಿರುವ ಚಿಕ್ಕಮ್ಮನ ಮಗನನ್ನು ಕೇಳಿದೆ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಯೇ ಬಚ್ಚೋಂ ಕಾ ಗೇಮ್ ಹೈ, ದೀದಿ" ಎಂದು, ಇದು ಮಕ್ಕಳಾಟವೆಂದು ತಳ್ಳಿಹಾಕಿ ಫೋನಿಟ್ಟ. ಕಾಲೇಜಿನ ಗೆಳತಿಯರು ಕಪ್ಪೆಯ ಚಿತ್ರ ನೋಡಿಯೇ ಶೀ ಎಂದರು. ಅಪ್ಪ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು, ಭಾನುವಾರ ಅಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಗುರುವಾರದ ಹೊತ್ತಿಗೆ ನಾನು ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದೆ.

ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಎಂತ ಅದು, ಸೂತಕದ ಮನೆ ಮಾಡಿದ್ದಿ? ಜೊತೆಗೆ ಒಬ್ಬರು ಕೂತ್ರೆ ಆಯ್ತಲ್ಲ? ನಾನು ಬರ್ತೇನೆ. ಒಂದ್ಸಲ. ಒಂದೇ ಸಲ. ಆಮೇಲೆ ನೀನುಂಟು, ನಿನ್ನ ಕಪ್ಪೆ ಉಂಟು."

ಒಂದು ಸಲವಾದರೆ ಒಂದು ಸಲ. ಗೆದ್ದರೆ ಜಾಗವಾದರೂ ಉಳಿಯುತ್ತದೆ, ಆಮೇಲೆ ಜೋಡಿ ಹುಡುಕಿಕೊಳ್ಳಬಹುದು ಎಂದು ನಾನು ಅಲ್ಲೇ ಅಮ್ಮನ ಕೊರಳಿಗೆ ಜೋತುಬಿದ್ದೆ. "ಬಿಡು ಮಾರಾಯ್ತಿ, ಒಗ್ಗರಣೆ ಸೀಯ್ತದೆ" ಎಂದು ಅವಳು ಕೊಡವಿಕೊಂಡಳು.

ಆ ರಾತ್ರಿಯಿಂದ ಅಡುಗೆಮನೆಯಲ್ಲಿ ಪಾಠ. ಗ್ರೇವ್‌ಯಾರ್ಡ್ ಎಂದರೇನೆಂದು ಹೇಳಿದ ಕೂಡಲೇ ಅಮ್ಮ ಕೈ ಅಡ್ಡ ಹಿಡಿದಳು. "ದೀಪ ಹಚ್ಚಿದ ಹೊತ್ತಲ್ಲಿ ಮಸಣ ಗಿಸಣ ಬೇಡ. ಒಳಗೆ ಹೋಯ್ತು ಅನ್ನು." ಸರಿ, ನಮ್ಮ ಕಪ್ಪೆ ಸಾಯುವುದಿಲ್ಲ, ಒಳಗೆ ಹೋಗುತ್ತದೆ. "ಹೋಗ್ತೇನೆ ಅಂತ ಹೇಳ್ತದಾ, ಹೋಗಿ ಬರ್ತೇನೆ ಅಂತ ಹೇಳ್ತದಾ?" ಎಂದು ಅಮ್ಮ ಕೇಳಿದಳು. ನಮ್ಮ ಮನೆಯಲ್ಲಿ ಹಾಲು ತರಲು ಕೆಳಗೆ ಇಳಿಯುವಾಗಲೂ ಹೋಗಿ ಬರ್ತೇನೆ ಎನ್ನದಿದ್ದರೆ ಬೈಗುಳ. ಹೋಗಿ ಬರ್ತೇನೆ ಅನ್ನುವ ಜಾತಿಯದ್ದು ಎಂದೆ. ಅಲ್ಲಿಗೆ ಅವಳಿಗೆ ಆಟದ ಅರ್ಧ ಭಾಗ ಅರ್ಥವಾಗಿತ್ತು. ಹಾಸ್ಟೆಲಿನಿಂದ ಮನೆಗೆ ಬರುವವರ ಹಾಗೆ ಸೊರಗಿ ಬರುವುದು ಒಂದು, ಅಜ್ಜಿಮನೆಯಿಂದ ಬರುವವರ ಹಾಗೆ ಕೊಬ್ಬಿ ಬರುವುದು ಇನ್ನೊಂದು. ಹೆಸರುಗಳನ್ನು ಇಟ್ಟದ್ದು ಆಗಲೇ. ಹೊಲಿಗೆಯ ಡಬ್ಬಿಯಿಂದ ಗುಂಡಿಗಳನ್ನೂ ಅವಳೇ ಆರಿಸಿ ಕೊಟ್ಟಳು. ನಾವು ಬಳಸುತ್ತಿದ್ದವು ತೀರಾ ಸಣ್ಣವು, ಕಣ್ಣಿಗೇ ಕಾಣುವುದಿಲ್ಲ ಎಂದು ಅವಳ ದೂರು.

ಆದರೆ ಪ್ರಶ್ನೆಗಳು! ನಾನು ಮತ್ತು ತಮ್ಮ ಆರು ತಿಂಗಳಲ್ಲಿ ಕೇಳಿಕೊಳ್ಳದ್ದನ್ನೆಲ್ಲ ಅಮ್ಮ ಒಂದು ತೆಂಗಿನಕಾಯಿ ತುರಿಯುವಷ್ಟರಲ್ಲಿ ಕೇಳಿದಳು.

"ಕಪ್ಪೆಯ ಮೇಲೆ ಯಾವ ಗುಂಡಿಯೂ ಇಲ್ಲ, ಅಜ್ಜಿಯೂ ಉಂಟು. ಆಗ ಒಳಗೆ ಹೋದ್ರೆ ಹೇಗೆ ಬರುದು? ಸೊರಗಿಯಾ, ಕೊಬ್ಬಿಯಾ?"

ಎರಡೂ ಗುಣಗಳು ಒಟ್ಟಿಗೇ ಏಳುತ್ತವೆ, ಯಾವುದು ಮೊದಲು ಎಂದು ನಾವೇ ಹೇಳಬಹುದು, ಮೊದಲನೆಯದು ಕಪ್ಪೆಯನ್ನು ತಂದುಬಿಟ್ಟರೆ ಎರಡನೆಯದಕ್ಕೆ ಕೆಲಸವಿಲ್ಲ ಎಂದು ನಾನು ಬಾಯಿಗೆ ಬಂದಂತೆ ಒದರಿದೆ.

"ಹಾಗೆ ಹೇಳು. ಸ್ಟೇಷನ್ನಿನ ಹೊರಗೆ ಒಬ್ಬ ಗಿರಾಕಿಗೆ ಎರಡು ರಿಕ್ಷಾ ಬಂದ ಹಾಗೆ. ಒಂದರಲ್ಲಿ ಹತ್ತಿ ಬಂದಾಯ್ತು, ಇನ್ನೊಂದು ಖಾಲಿ ಹೋಗ್ತದೆ." ತುರಿಮಣೆಯಿಂದ ತಲೆಯೆತ್ತಿ ಮತ್ತೆ ಕೇಳಿದಳು. "ಅಜ್ಜಿಯೇ ಒಳಗೆ ಹೋದ್ರೆ?"

"ಆಗ ಮುಗೀತು. ಅಜ್ಜಿ ಇಲ್ಲದಿದ್ದರೆ ಯಾರು ಕೊಬ್ಬಿಸ್ತಾರೆ?" ಎಂದು ನಾನು ಧೈರ್ಯವಾಗಿ ಹೇಳಿದೆ. ಅಮ್ಮ ಪಾಪ ಎಂದು ಕಾರ್ಡಿನ ಅಜ್ಜಿಯನ್ನು ನೋಡಿದಳು.

ಭಾನುವಾರ ಬಂತು. ಹಳಿ ದುರಸ್ತಿಯ ಮೆಗಾ ಬ್ಲಾಕ್ ಇದ್ದದ್ದರಿಂದ ಗಾಡಿಗಳು ಮನಸ್ಸಿಗೆ ಬಂದಾಗ ಬರುತ್ತಿದ್ದವು. ಅಮ್ಮ ಮದುವೆಗೆ ಹೊರಟವಳ ಹಾಗೆ ಮೈಸೂರು ಸಿಲ್ಕ್ ಉಟ್ಟಿದ್ದಳು, ಕೈಯಲ್ಲಿ ಚಕ್ಕುಲಿ ಡಬ್ಬಿ. ನಮ್ಮದು ಉಡುಪಿ ಕಡೆಯಾದರೂ ಮನೆಯಲ್ಲಿ ತುಳುವಲ್ಲ, ಕನ್ನಡ. ರೈಲಿನಲ್ಲಿ ಕನ್ನಡದಲ್ಲಿ ಯಾರ ಬಗ್ಗೆಯೂ ಆಡಿಕೊಳ್ಳಬಾರದು ಎಂಬುದು ಅಮ್ಮ ನಮಗೆ ಚಿಕ್ಕಂದಿನಿಂದ ಕಲಿಸಿದ ಪಾಠ. ಯಾವ ಡಬ್ಬಿ ಹತ್ತಿದರೂ ನಮ್ಮವರು ಒಬ್ಬರಾದರೂ ಇರುತ್ತಾರಂತೆ, ಅವರು ಇಳಿಯುವ ಸ್ಟೇಷನ್ ಬರುವ ತನಕ ಸುಮ್ಮನಿದ್ದು ಇಳಿಯುವಾಗ ಕನ್ನಡದಲ್ಲಿ ಬೈದು ಹೋಗುತ್ತಾರಂತೆ. ಅವತ್ತೂ ಕಾಲು ತುಳಿದವಳ ಬಗ್ಗೆ ನಾನು ಬಾಯಿ ತೆರೆದದ್ದಕ್ಕೆ ಅವಳು ತೊಡೆ ಚಿವುಟಿದಳು. ಆದರೆ ಠಾಣೆಯ ಝೆರಾಕ್ಸ್ ಅಂಗಡಿಯ ಮಾಳಿಗೆ ರೈಲಲ್ಲವಲ್ಲ. ನಾನೂ ತಮ್ಮನೂ ಅಲ್ಲಿ ಲೀಗು ಪೂರ್ತಿ ಎದುರಾಳಿಗಳ ಮುಖದ ಮುಂದೆಯೇ ಕನ್ನಡದಲ್ಲಿ ಮಸಲತ್ತು ಮಾಡಿದ್ದೆವು. ಜೋಡಿಗಳು ತಮ್ಮೊಳಗೆ ಮಾತಾಡಬಹುದು ಎಂದು ನಿಯಮವೇ ಇತ್ತು. ಬೇರೆಯವರು ಕಿವಿಯಲ್ಲಿ ಪಿಸುಗುಟ್ಟಿ ಬೆವರುತ್ತಿದ್ದರು, ನಾವು ಸಂತೆಯಲ್ಲಿ ನಿಂತವರ ಹಾಗೆ ಕೂಗಿಕೊಳ್ಳುತ್ತಿದ್ದೆವು. ನಮ್ಮ ಗೆಲುವಿನ ಅರ್ಧ ಗುಟ್ಟು ಅದೇ ಆಗಿತ್ತು.

ಫೈನಲ್‌ನಲ್ಲಿ ಎದುರು ಕೂತವರು ಇಬ್ಬರು ಹುಡುಗರು, ಬೇರೆ ಗುಂಪಿನಿಂದ ಗೆದ್ದು ಬಂದವರು. ನಾನು ಅವರನ್ನು ಮೊದಲು ನೋಡಿರಲಿಲ್ಲ. ಒಬ್ಬ ಗಿಡ್ಡ, ಮೀಸೆ ಆಗಷ್ಟೇ ಚಿಗುರುತ್ತಿತ್ತು, ಮಾತು ಪಟಪಟ. ಇನ್ನೊಬ್ಬ ಉದ್ದ, ಮೌನಿ. ತಮ್ಮೊಳಗೆ ಮರಾಠಿ, ನಮ್ಮ ಜೊತೆ ಹಿಂದಿ. ಅಮ್ಮನನ್ನು ನೋಡಿ ಗಿಡ್ಡನಿಗೆ ನಗು ತಡೆಯಲಾಗಲಿಲ್ಲ. ಉದ್ದದವನು ಮಾತ್ರ ಎದ್ದು ಅಮ್ಮನಿಗೆ ಫ್ಯಾನಿನ ಕೆಳಗಿನ ಕುರ್ಚಿ ಸರಿಸಿ ಕೊಟ್ಟ.

ಅಮ್ಮ ಕೂತವಳೇ ಶುರು ಮಾಡಿದಳು. "ಈ ಉದ್ದದವನ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇಲ್ವಾ ಅಂತ? ಶರ್ಟು ನೋಡು, ಹಸು ಅಗಿದ ಹಾಗೆ ಉಂಟು."

"ಶರ್ಟು ಬಿಡಮ್ಮ, ಮೂಗು ನೋಡು. ಮಳೆ ಬಂದರೆ ಕೆಳಗೆ ನಾಲ್ಕು ಜನ ನಿಲ್ಲಬಹುದು."

ಇಬ್ಬರೂ ಕುಲುಕುಲು ನಕ್ಕೆವು. ಉದ್ದದವನು ಕೆಮ್ಮಿ, ಎದ್ದು, ಮೂಲೆಯ ಕ್ಯಾನಿನಿಂದ ನೀರು ಕುಡಿದು ಬಂದ.

ಆಟ ನಡೆಯಿತು. ನಾನು ಕಪ್ಪೆ ಇಳಿಸಿದೆ, ಅಮ್ಮ ಅಜ್ಜಿಯನ್ನು ಇಳಿಸಿದಳು. ಗಿಡ್ಡನ ಸಿಂಹ ಕಪ್ಪೆಯನ್ನು ಹರಿದು ಹಾಕಿತು, ಕಪ್ಪೆ ಸೊರಗಿ ಬಂತು. ಸಿಡಿಲಿನ ಮಂತ್ರದಿಂದ ಸುಟ್ಟರು, ಕೊಬ್ಬಿ ಬಂತು. ಗಿಡ್ಡನ ನಗು ನಿಂತಿತು. ನ್ಯಾಯ ನೋಡಲು ಕೂತಿದ್ದ ಅಂಗಡಿಯವರು ಒಂದೊಂದು ಸಲ ಕಪ್ಪೆ ಎದ್ದಾಗಲೂ ಕತ್ತು ಮುಂದೆ ಚಾಚುತ್ತಿದ್ದರು. ಅಮ್ಮ ಪ್ರತಿ ಸಲ ಗುಂಡಿ ಬದಲಾಯಿಸುವಾಗ "ಬಂದ್ಯಾ? ಬಾ ಬಾ" ಎಂದು ಕಪ್ಪೆಯನ್ನು ಮಾತಾಡಿಸುತ್ತಿದ್ದಳು. ನನಗೆ ತಲೆ ಸುತ್ತುವಷ್ಟು ಖುಷಿ. ಜೋಡಿ ಎಂದರೆ ಇದು ಎಂದು ತಮ್ಮನಿಗೆ ದ್ರೋಹ ಮಾಡಿದ ಹಾಗೆ ಮನಸ್ಸಿನಲ್ಲೇ ಅಂದುಕೊಂಡೆ.

ನಡುನಡುವೆ ನಮ್ಮ ಮಸಲತ್ತು, ಎಂದಿನ ಹಾಗೆ ಕಂಠ ಬಿಚ್ಚಿ. "ನಿನ್ನ ಕೈಯಲ್ಲಿ ಎಂತ ಉಂಟು?" "ಎಂತ ಇಲ್ಲಮ್ಮ, ಎರಡು ದಂಡದ ಕಾರ್ಡು. ನಗ್ತಾ ಇರು, ಇದೆ ಅಂದ್ಕೊಳ್ಳಲಿ." ನಾವು ಬಾಯಿ ತೆರೆದಾಗಲೆಲ್ಲ ಉದ್ದದವನು ಎದ್ದು ಕ್ಯಾನಿನ ಹತ್ತಿರ ಹೋಗುತ್ತಿದ್ದ.

"ಪಾಪ, ಎಷ್ಟು ನೀರು ಕುಡೀತಾನೆ!" ಅಮ್ಮನಿಗೆ ಕರುಳು ಚುರುಕ್ಕೆಂದಿತು. "ಈ ಪ್ರಾಯಕ್ಕೇ ಸಕ್ಕರೆ ಕಾಯಿಲೆಯೋ ಏನೋ. ಮದುವೆ ಆಗಿರ್ಲಿಕ್ಕಿಲ್ಲ, ಅಲ್ವಾ?"

"ಆ ಮೂಗಿಗೆ ಯಾರು ಕೊಡ್ತಾರೆ ಅಮ್ಮ?"

ಅವನು ಇನ್ನೊಂದು ಲೋಟ ಕುಡಿದ.

ಅವರ ಜೀವ ಮೂರಕ್ಕೆ ಇಳಿಯಿತು, ನಮ್ಮದು ಒಂದೇ ಒಂದಕ್ಕೆ. ಕಪ್ಪೆಯ ಮೇಲೆ ಆಗ ಕಪ್ಪು ಗುಂಡಿ ಇತ್ತು. ಪಕ್ಕದಲ್ಲಿ ಅಜ್ಜಿ ಇದ್ದಾಳಲ್ಲ, ಒಳಗೆ ಹೋದರೆ ಕೊಬ್ಬಿ ಬರುತ್ತದೆ ಎಂದು ನಾನು ನಿಶ್ಚಿಂತೆಯಾಗಿದ್ದೆ. ಆಗ ಗಿಡ್ಡ ಹಲ್ಲು ಕಿರಿದು ಒಂದು ಕಾರ್ಡು ಇಳಿಸಿದ. ಪ್ರಳಯದ ಮಂತ್ರ. ಮೇಜಿನ ಮೇಲಿರುವ ಎಲ್ಲವೂ, ಅವರದ್ದು ನಮ್ಮದು ಎನ್ನದೆ, ಒಂದೇ ಏಟಿಗೆ ಸಾಯಬೇಕು. ಸಿಂಹ ಹೋಯಿತು, ಅವರ ಡ್ರ್ಯಾಗನ್ ಹೋಯಿತು, ನಮ್ಮ ಕಪ್ಪೆ ಹೋಯಿತು, ಅಜ್ಜಿಯೂ ಹೋದಳು.

ನನ್ನ ಕೈಯಲ್ಲಿ ಉಳಿದದ್ದು ಆ ಎರಡು ದಂಡದ ಕಾರ್ಡು. ಮೇಜು ಬಯಲು. ಅಮ್ಮ ಕಪ್ಪೆಯ ಮೇಲಿನ ಕಪ್ಪು ಗುಂಡಿಯನ್ನು ಮೆಲ್ಲಗೆ ತೆಗೆದಳು. "ಅಜ್ಜಿಯೂ ಒಳಗೆ ಹೋದ್ಲಾ?"

"ಹೋದ್ಲು."

"ಹಾಗಾದ್ರೆ ಈ ಪಾಪದ್ದನ್ನು ಕರೀಲಿಕ್ಕೆ ಯಾರೂ ಇಲ್ಲ."

"ಯಾರೂ ಇಲ್ಲಮ್ಮ. ಮುಗೀತು." ನನ್ನ ಕಣ್ಣು ತುಂಬಿಬಂತು. ಕಪ್ಪೆಗಲ್ಲ. ಜೋಡಿಯೂ ಇಲ್ಲ, ಇನ್ನು ಜಾಗವೂ ಇಲ್ಲ. ಮುಂದಿನ ಭಾನುವಾರದಿಂದ ಈ ಮಾಳಿಗೆಯ ಮೆಟ್ಟಿಲು ಹತ್ತಲು ನನಗೆ ಕಾರಣವೇ ಉಳಿಯುವುದಿಲ್ಲ ಎಂದು ಅಳು. ಗಿಡ್ಡ ತನ್ನ ಕೈಯಲ್ಲಿದ್ದ ಕೊನೆಯ ಕಾರ್ಡನ್ನು ಎತ್ತಿ ಮೇಜಿನ ಕಡೆಗೆ ತಂದ.

"ತಡಿ, ತಡಿ!" ಉದ್ದದವನು ಗೆಳೆಯನ ಮುಂಗೈ ಹಿಡಿದಿದ್ದ. ಮುಖ ಮಾತ್ರ ಅಮ್ಮನ ಕಡೆ. "ಮುಗದಿಲ್ರೀ ಅಮ್ಮಾರ. ಇಬ್ರೂ ಕೂಡೇ ಹೋಗ್ಯಾರಲ್ರಿ? ಕಪ್ಪಿ ಹೋಗೂ ಹೊತ್ತಿಗೆ ಅಜ್ಜಿ ಇನ್ನೂ ಇಲ್ಲೇ ಇದ್ಲು. ಹೋಗೂಮುಂದ ಏನಿತ್ತು ಅದನ್ನ ನೋಡ್ಬೇಕ್ರಿ, ಹೋದಮ್ಯಾಲ ಏನೈತಿ ಅನ್ನೂದಲ್ಲ. ನಿಮ್ಮ ಕಪ್ಪಿ ಕೊಬ್ಬಿ ಬರ್ತೈತ್ರಿ. ಲಗೂನ ಹೇಳ್ರಿ!"

ನನಗೆ ನಿಯಮ ಆಮೇಲೆ ಹೊಳೆಯಿತು, ಮೊದಲು ಹೊಳೆದದ್ದು ಮೂಗು. ಅಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಆದರೂ ನಮ್ಮಿಬ್ಬರಲ್ಲಿ ಮೊದಲು ಎಚ್ಚೆತ್ತದ್ದು ಅವಳೇ. "ಕೊಬ್ಬಿ ಬರ್ತದೆ!" ಎಂದು ಕೂಗಿ ಮೇಜಿನ ಮೇಲೆ ಬಿಳಿ ಗುಂಡಿ ಬಡಿದಳು. ಗಿಡ್ಡ ಕುರ್ಚಿಯಿಂದ ಎದ್ದುಬಿಟ್ಟ. "ಅರೇ, ತೂ ಕೋಣಾಚ್ಯಾ ಬಾಜೂನೇ ಆಹೇಸ್?" ನೀನು ಯಾರ ಕಡೆಯವನು ಎಂದು ಅವನು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಂಗಡಿಯವರು ದಪ್ಪ ನಿಯಮದ ಪುಸ್ತಕ ತೆಗೆದು, ಕನ್ನಡಕ ಏರಿಸಿ, ಬೆರಳು ಆಡಿಸುತ್ತಾ ಓದಿದರು. ಒಟ್ಟಿಗೆ ಸತ್ತವರು ಸಾಯುವ ಗಳಿಗೆಯಲ್ಲಿ ಒಬ್ಬರಿಗೊಬ್ಬರು ಇದ್ದಂತೆಯೇ ಲೆಕ್ಕ. ಅಜ್ಜಿ ಮೊದಲೇ ಹೋಗಿದ್ದರೆ ಕಪ್ಪೆಗೆ ಗತಿ ಇರುತ್ತಿರಲಿಲ್ಲ. ಇಬ್ಬರೂ ಒಂದೇ ಏಟಿಗೆ ಹೋದದ್ದರಿಂದ ಅಜ್ಜಿ ಕೊಟ್ಟ ಗುಣ ಕಪ್ಪೆಯ ಜೊತೆಗೇ ಇತ್ತು. ಗಿಡ್ಡನ ಕಾರ್ಡು ಇನ್ನೂ ಮೇಜು ಮುಟ್ಟಿರಲಿಲ್ಲ, ಅದು ಮುಟ್ಟುವ ಮೊದಲೇ ಅಮ್ಮ ಹೇಳಿದ್ದಳು. ಕಪ್ಪೆ ಬರುತ್ತದೆ ಎಂದು ತೀರ್ಪಾಯಿತು. ಗಿಡ್ಡನ ಕೈಯಲ್ಲಿ ಉಳಿದಿದ್ದದ್ದು ಒಂದು ಮಂತ್ರ, ಅದು ಕಪ್ಪೆಯನ್ನು ತಡೆಯುವಂಥದ್ದೂ ಅಲ್ಲ, ನಮ್ಮ ಕೊನೆಯ ಅಂಕ ಕೀಳುವಂಥದ್ದೂ ಅಲ್ಲ. ಖಾಲಿ ಬಯಲಿನ ನಡುವೆ ನಮ್ಮ ಕಪ್ಪೆ ಒಂದೇ. ಅದರ ಹುಟ್ಟು ಶಕ್ತಿ ಎರಡು, ಕೊಬ್ಬಿದ್ದರಿಂದ ಮೂರು. ಅವರ ಜೀವವೂ ಮೂರು. ನಮ್ಮ ಪಾಳಿ ಬಂದಾಗ ಅಮ್ಮ ಕಪ್ಪೆಯನ್ನು ಒಂದು ಬೆರಳಿನಿಂದ ಮುಂದಕ್ಕೆ ತಳ್ಳಿ "ಹೋಗಿ ಬಾ ಮಗಾ" ಎಂದಳು.

ಗೆದ್ದೆವು! ನಾನು ಕುರ್ಚಿಯ ಮೇಲೆ ಹತ್ತಿ ಕುಣಿದೆ. ಕೆಳಗೆ ಝೆರಾಕ್ಸ್ ತೆಗೆಯುತ್ತಿದ್ದ ಹುಡುಗರು ಗಾಬರಿಯಾಗಿ ಮೇಲೆ ಬಂದರು. ಗಿಡ್ಡ ತನ್ನ ಕಟ್ಟನ್ನು ಬಾಚಿಕೊಂಡು, ಇನ್ನು ಮುಂದೆ ನಿನ್ನ ಮುಖ ನೋಡುವುದಿಲ್ಲ, ಬೇರೆ ಜೋಡಿ ಹುಡುಕಿಕೋ ಎಂದು ಉದ್ದದವನಿಗೆ ಮರಾಠಿಯಲ್ಲಿ ಹೇಳಿ ಮೆಟ್ಟಿಲು ಇಳಿದು ಹೋದ. ಮಾಳಿಗೆ ಸ್ವಲ್ಪ ಶಾಂತವಾಯಿತು. ಆಗ ಅಮ್ಮನಿಗೆ ಬೆಳಗಿನಿಂದ ಆಡಿದ್ದೆಲ್ಲ ಒಂದೊಂದೇ ನೆನಪಾಗತೊಡಗಿತು. ಅದನ್ನು ನಾನು ಅವಳ ಮುಖದಲ್ಲೇ ಓದಿದೆ: ಇಸ್ತ್ರಿ, ಮೂಗು, ಸಕ್ಕರೆ ಕಾಯಿಲೆ, ಮದುವೆ.

"ನೀನು ನಮ್ಮವನಾ?" ಎಂದು ಸೆರಗಿನಿಂದ ಬೆವರು ಒರೆಸಿಕೊಂಡಳು.

"ಬಿಜಾಪುರ ಕಡಿಯವ್ರು ರಿ. ಅಪ್ಪ ಕಳಂಬೋಲಿ ಸ್ಟೀಲ್ ಮಾರ್ಕೆಟ್‌ನಾಗ ಲೋಡಿಂಗ್ ಕೆಲಸ ಮಾಡ್ತಾರ. ನಾ ಹುಟ್ಟಿದ್ದು ಅಲ್ಲೇ."

"ಮೊದಲೇ ಹೇಳ್ಲಿಕ್ಕೆ ಆಗಲಿಲ್ವಾ?"

"ಹೇಳ್ಬೇಕಂತ ಬಾಯಿ ತೆಗದಿದ್ನಿರಿ. ಅಷ್ಟರಾಗ ನೀವು ನನ್ನ ಮೂಗಿನ ಸುದ್ದಿ ತಗದ್ರಿ. ಆಮ್ಯಾಲ ಹ್ಯಾಂಗ ಹೇಳ್ಲಿ? ನಿಮ್ಮ ಮಾತು ಕೇಳಿ ಆಡೂದು ಸರಿ ಅಲ್ಲಂತ ಪ್ರತಿ ಸಲ ಎದ್ದು ಹೋದೆ. ಹೊಟ್ಟಿ ನೋಡ್ರಿ, ಹೆಂಗ ಗುಡುಗುಡು ಅಂತೈತಿ."

ನಾನು ನಾಚಿಕೆಯಿಂದ ಸತ್ತೇಹೋದೆ, ಆದರೆ ನಗು ತಡೆಯಲಾಗಲಿಲ್ಲ. ಅಮ್ಮನಿಗೂ. ಅವನಿಗೂ. ಮೂವರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಕೊನೆಗೆ ಬಾಯಿಮುಚ್ಚಿ ಕೂತಿದ್ದರೆ ಗೆಲ್ಲುತ್ತಿದ್ದೆಯಲ್ಲ, ಯಾಕೆ ಹೇಳಿದೆ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ. "ಅಮ್ಮಾರು ಗುಂಡಿ ತಗದು ಆ ಕಪ್ಪಿ ಮಾರಿ ನೋಡಿದ್ರಲ್ಲ, ನನಗ ತಡಕೊಳ್ಳಾಕ ಆಗ್ಲಿಲ್ಲ. ಬರೂದು ಐತಿ, ಬರಾಂಗಿಲ್ಲ ಅಂತ ತಿಳ್ಕೊಂಡು ಅಳಾಕತ್ತೀರಿ. ಅದನ್ನ ನೋಡ್ಕೊಂತ ಗೆದ್ರ ಏನು ಚಂದ?"

ನನ್ನ ತಲೆಯೊಳಗೆ ಬೇರೊಂದು ಲೆಕ್ಕ ಓಡತೊಡಗಿತ್ತು. ಈಗ ಅವನಿಗೆ ಜೋಡಿ ಇಲ್ಲ. ನನಗೂ ಇಲ್ಲ. ನನ್ನ ಜಾಗ ಗಟ್ಟಿಯಾಗಿದೆ, ಅವನಿಗೆ ನನಗಿಂತ ಚೆನ್ನಾಗಿ ನಿಯಮ ಗೊತ್ತಿದೆ. ಮೂಗಿನ ಬಗ್ಗೆಯೂ ಅಷ್ಟರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಗಿತ್ತು, ಸುಳ್ಳೇಕೆ ಹೇಳಲಿ. ಮುಖ ಬೆಚ್ಚಗಾಗಿದ್ದರೂ ಧೈರ್ಯ ಮಾಡಿ ಹೇಳಿದೆ. "ಮುಂದಿನ ಲೀಗಿಗೆ ನಿನಗೂ ಒಬ್ಬರು ಜೋಡಿ ಬೇಕಾಗ್ತದಲ್ಲ, ನಾನೂ ಹುಡುಕ್ತಾ ಇದ್ದೇನೆ..."

"ಯಾರಿಗೆ ಹುಡುಕ್ತಾ ಇದ್ದಿ?" ಅಮ್ಮ ಕಾರ್ಡುಗಳನ್ನು ಜೋಡಿಸುತ್ತಿದ್ದವಳು ತಲೆಯೆತ್ತಿದಳು. "ಅವನಿಗೆ ಬೇಕಾದವರನ್ನು ಅವನು ನೋಡಿಕೊಳ್ಳಲಿ. ನಿನಗೆ ಬೇರೆಯವರು ಎಂತಕ್ಕೆ? ನಾನಿಲ್ವಾ?"

"ನೀನು ಒಂದೇ ಸಲ ಅಂದಿದ್ದಿಯಲ್ಲ ಅಮ್ಮ."

"ಅಂದಿದ್ದೆ." ಅಮ್ಮ ಕಾರ್ಡುಗಳ ಅಂಚನ್ನು ಮೇಜಿಗೆ ಕುಟ್ಟಿ ಸಮ ಮಾಡಿದಳು. "ಭಾನುವಾರ ಅಪ್ಪ ಹೋಟೆಲಿಗೆ. ತಮ್ಮ ಇನ್ನು ಕೆಲಸಕ್ಕೆ. ನೀನು ಇಲ್ಲಿಗೆ. ಮನೆಯಲ್ಲಿ ನಾನೂ ಗ್ರೈಂಡರೂ. ಇಷ್ಟು ತಿಂಗಳು ನೀವಿಬ್ಬರು ಇಲ್ಲಿಂದ ಬಂದು ನಕ್ಕೊಂಡು ಕಪ್ಪೆ ಕತೆ ಹೇಳುವಾಗ ನಾನು ಅಲ್ಲೇ ಇದ್ದೆ ಅಲ್ವಾ? ನೀನೂ ಆಡ್ತಿಯಾ ಅಂತ ಯಾರೂ ಒಂದ್ಸಲ ಕೇಳಲಿಲ್ಲ."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ, ಹಾಲಿನವನು ಬಂದಿಲ್ಲ ಎನ್ನುವ ಹಾಗೆ ಹೇಳಿದಳು. ಸೊಸೈಟಿ, ಕಾಲೇಜು, ಸೀವುಡ್ಸ್ ಎಂದು ಊರೆಲ್ಲ ಜೋಡಿಗಾಗಿ ಅಲೆದವಳು ನಾನು. ಅಡುಗೆಮನೆಯ ಬಾಗಿಲಿಗೆ ಹೋಗಿ ಕೇಳಿರಲಿಲ್ಲ. ಅಲ್ಲಿಯೂ ಅವಳೇ ಬರುತ್ತೇನೆ ಎಂದಿದ್ದಳು, ಅದನ್ನು ನಾನು ನನ್ನ ಮೇಲೆ ತೋರಿದ ಕರುಣೆ ಎಂದುಕೊಂಡಿದ್ದೆ. ಖುಷಿಯೂ ಅಳುವೂ ಒಟ್ಟಿಗೇ ನುಗ್ಗಿ ಬಂದು, ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಮೂಗು ಸೊರ್ರೆಂದಿತು.

"ಅಮ್ಮ, ನನ್ನ ಜೊತೆ ಆಡ್ತಿಯಾ?" ಎಂದು ಕೇಳಿದೆ.

"ಈಗ ಕೇಳಿದಿಯಲ್ಲ," ಎಂದಳು ಅಮ್ಮ. ಅವಳ ಕಣ್ಣು ಕೂಡ ಒದ್ದೆಯಾಗಿತ್ತು, ಆದರೆ ಬಾಯಿ ತುಂಬ ನಗು. ಮನೆಗೆ ಹೊರಡಲು ಹೆಗಲಿಗೆ ಹಾಕಿಕೊಂಡಿದ್ದ ಚೀಲವನ್ನು ಕೆಳಗಿಟ್ಟು, ಅದೇ ಕುರ್ಚಿಯಲ್ಲಿ ಮತ್ತೆ ಕೂತು, ಕಾರ್ಡುಗಳನ್ನು ಕಲಸಲು ಶುರು ಮಾಡಿದಳು.